ಮೂರು ಸಲ ಹೇಳಿಸದ ವಾಕ್ಯ

ಹೋದ ತಿಂಗಳು ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಣ್ಣುಮಗಳೊಬ್ಬಳು ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ಮೂಗಿಗೆ ಹಿಡಿದುಕೊಂಡಳು. ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೆ ನಮ್ಮ ಕಡೆ ಇದೇ ಔಷಧ. ಆ ವಾಸನೆ ನನ್ನ ಕಡೆಗೂ ಬಂತು. ಬಂದದ್ದೇ ತಡ, ಅರವತ್ತು ದಾಟಿದ, ಪಿಂಚಣಿ ಉಣ್ಣುವ, ಮೂವತ್ತು ವರ್ಷ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ಕಳ್ಳರನ್ನೂ ವಕೀಲರನ್ನೂ ಸಮಾನ ಗೌರವದಿಂದ ಕಂಡ ಈ ಮನುಷ್ಯ ಸೀಟಿನಲ್ಲಿ ನೆಟ್ಟಗೆ ಕುಳಿತ. ಕೈ ತಾವಾಗಿ ಎದೆಯ ಮೇಲೆ ಕಟ್ಟಿಕೊಂಡವು.

"ನಿಮಗೂ ಹೊಟ್ಟಿ ತೊಳಸಾಕತ್ತೇತೇನ್ರಿ ಅಜ್ಜಾರ?" ಎಂದು ಆಕೆ ಇನ್ನೊಂದು ಹಣ್ಣು ಮುಂದೆ ಹಿಡಿದಳು. ಹೌದೆಂದು ತೆಗೆದುಕೊಂಡೆ. ತೊಳಸುತ್ತಿದ್ದುದು ಹೊಟ್ಟೆಯಲ್ಲ ಎಂದು ಹೇಳಿ, ಪರರ ಹೆಣ್ಣುಮಗಳನ್ನು ಗಾಬರಿಪಡಿಸುವುದು ಸರಿಯಲ್ಲ. ನನಗೆ ನೆನಪಾದದ್ದು ನಮ್ಮ ಅಕ್ಕೋರು... ಏಳನೆಯ ಇಯತ್ತೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು.

ನಮ್ಮೂರು ಇಂಡಿ ತಾಲೂಕಿನಲ್ಲಿ, ರಸ್ತೆಗೆ ಅಂಟಿಕೊಂಡೇ ಇದೆ. ಊರ ಸುತ್ತ ನಿಂಬೆ ತೋಟಗಳು. ಅಕ್ಕೋರು ದಿನಾಲು ಸಿಂದಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬರುವಷ್ಟೊತ್ತಿಗೆ ಮುಖ ಬಿಳಿಚಿರುತ್ತಿತ್ತು, ಕೈಯಲ್ಲಿ ಉಗುರಿನ ಗೀರುಬಿದ್ದ ಒಂದು ನಿಂಬೆಹಣ್ಣು ಇರುತ್ತಿತ್ತು. ಅದನ್ನು ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕ ಇಟ್ಟು, ಎರಡು ನಿಮಿಷ ಕಣ್ಣು ಮುಚ್ಚಿ ಕುಳಿತು, ಆಮೇಲೆ ನಮ್ಮ ಕಡೆ ನೋಡುತ್ತಿದ್ದರು. ನೋಡಿ ಅಂಜುತ್ತಿದ್ದರು.

ಶಿಕ್ಷಕರಿಗೆ ಅಂಜುವುದು ವಿದ್ಯಾರ್ಥಿಯ ಹುಟ್ಟುಗುಣ. ನಮ್ಮ ಶಾಲೆಯಲ್ಲಿ ಆ ವ್ಯವಹಾರ ಎಂದೂ ತಪ್ಪಿರಲಿಲ್ಲ. ಇವರು ಬಂದ ಮೇಲೆ ಎಲ್ಲ ಉಲ್ಟಾ ಆಯಿತು. ಅಕ್ಕೋರು ನಾಯಿಗೆ ಅಂಜುತ್ತಿದ್ದರು, ಹಲ್ಲಿಗೆ ಅಂಜುತ್ತಿದ್ದರು, ಗಾಳಿಗೆ ಕಿಟಕಿ ಬಡಿದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಹೆಡ್‌ಮಾಸ್ತರರು ಸುಮ್ಮನೆ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದರು. ತಪಾಸಣೆಗೆ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂದ ದಿನ ಮೂರು ಸಲ ನೀರು ಕುಡಿದು, ನಾಲ್ಕನೆಯ ಸಲ ಲೋಟ ಬೀಳಿಸಿದರು. ಇಂಥವರಿಗೆ ನಾವು ಹೇಗೆ ಅಂಜಬೇಕು ಎಂಬುದು ನಮಗೆ ತಿಳಿಯದೆ ಮೊದಲ ವಾರ ಬಹಳ ತೊಂದರೆಯಾಯಿತು. ಕೊನೆಗೆ ಅವರು ಅಂಜುತ್ತಾರಲ್ಲ ಎಂದೇ ಅಂಜಿಕೊಂಡು ಸುಮ್ಮನೆ ಕುಳಿತುಕೊಳ್ಳುವುದನ್ನು ರೂಢಿಸಿಕೊಂಡೆವು.

ಅವರು ಅಂಜದೇ ಇದ್ದ ಒಂದೇ ಒಂದು ವಸ್ತು ಈ ಲೋಕದಲ್ಲಿತ್ತು. ಅದು ಇಂಗ್ಲಿಷಿನ ಭೂತಕಾಲ. ಸಿಂಪಲ್ ಪಾಸ್ಟ್ ಟೆನ್ಸ್ ಎಂದು ಬೋರ್ಡಿನ ಮೇಲೆ ಬರೆದ ದಿನ ಅವರ ಅಕ್ಷರ ನಡುಗಿರಲಿಲ್ಲ. "ಆಗಿದ್ದು ಆಗಿ ಹೋಗೇತಿ. ಅದಕ್ಕ ಹಲ್ಲಿಲ್ಲ, ಅದು ಕಚ್ಚಂಗಿಲ್ಲ. ಆಗಿ ಹೋದದ್ದಕ್ಕ ಯಾರೂ ಅಂಜಬಾರದು" ಎಂದರು. ಭವಿಷ್ಯತ್ಕಾಲದ ಪಾಠ ಬಂದಾಗ ಪುಟ ತಿರುವಿ ಮುಂದೆ ಹೋದರು. ಅದನ್ನು ಆಮೇಲೆ ನೋಡೋಣ ಎಂದವರು ಕೊನೆಗೂ ನೋಡಲಿಲ್ಲ. ಹೀಗಾಗಿ ನಾವು ಮೂವತ್ತನಾಲ್ಕು ಮಂದಿ ಆ ವರ್ಷದ ಬಹುಭಾಗವನ್ನು ಭವಿಷ್ಯವೇ ಇಲ್ಲದೆ ಕಳೆದೆವು.

ಆದರೆ ಭೂತಕಾಲವನ್ನು ಮಾತ್ರ ಹಸನಾಗಿ ಕಲಿಸಿದರು. ಕ್ರಿಯಾಪದಗಳು ಮದುವೆಯಾದ ಹೆಣ್ಣುಮಕ್ಕಳಿದ್ದಂತೆ, ಎಂದರು. ವಾಕ್, ವಾಶ್ ಮೊದಲಾದವು ಬಡವರ ಮನೆಯ ಮಕ್ಕಳು. ಹೆಸರು ಹಾಗೆಯೇ ಇಟ್ಟುಕೊಂಡು ಬಾಲಕ್ಕೊಂದು ಈಡಿ ಹಚ್ಚಿಕೊಂಡು ಗಂಡನ ಮನೆಗೆ ಹೋಗುತ್ತವೆ. ಗೋ, ಈಟ್ ಮೊದಲಾದವು ದೊಡ್ಡ ಮನೆತನದವು. ಹಂದರದಲ್ಲೇ ಹೆಸರು ಬದಲಿ ಮಾಡಿಕೊಳ್ಳುತ್ತವೆ. ಗೋ ಹೋಗಿ ವೆಂಟ್ ಆಗುತ್ತಾಳೆ, ತವರಿನವರಿಗೂ ಗುರುತು ಸಿಗುವುದಿಲ್ಲ. ಪ್ರಶ್ನೆ ಕೇಳುವಾಗ ಡಿಡ್ ಎಂಬ ಅತ್ತೆ ಬಂದು ಬಾಗಿಲಲ್ಲಿ ಕುಳಿತಳೆಂದರೆ ಎಲ್ಲ ಸೊಸೆಯರೂ ತಮ್ಮ ತವರಿನ ರೂಪಕ್ಕೇ ತಿರುಗಿ ಹೋಗಬೇಕು. ಈ ವಿವರಣೆ ಯಾವ ವ್ಯಾಕರಣ ಪುಸ್ತಕದಲ್ಲಿಯೂ ನನಗೆ ಮುಂದೆ ಸಿಗಲಿಲ್ಲ. ಆದರೆ ಐವತ್ತು ವರ್ಷದ ಹತ್ತಿರ ಬಂದರೂ ಡಿಡ್ ಬಂದಲ್ಲಿ ನನ್ನ ಕ್ರಿಯಾಪದ ತಪ್ಪಿಲ್ಲ.

ಇನ್ನು ಅವರ ಪದ್ಧತಿ. ದಿನಾ ಮುಂಜಾನೆ ಹಾಜರಿ ಆದ ಮೇಲೆ, ನಂಬರಿನ ಪ್ರಕಾರ ಒಬ್ಬರು ಬೋರ್ಡಿನ ಪಕ್ಕ ನಿಂತು, ನಿನ್ನೆ ತಮ್ಮ ಮನೆಯಲ್ಲಿ ಆದದ್ದನ್ನು ಐದು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕು. ಇದಕ್ಕೆ ನಿನ್ನೆ ವರದಿ ಎಂದು ಹೆಸರು. ಆಮೇಲೆ ಕುಳಿತವರು ಡಿಡ್ ಹಚ್ಚಿ ಮೂರು ಪ್ರಶ್ನೆ ಕೇಳಬಹುದು. ನಿಂತವರು ಉತ್ತರ ಕೊಡಬೇಕು. ಪ್ರಶ್ನೆಯಾಗಲಿ ಉತ್ತರವಾಗಲಿ, ಸರಿಯಾದ ಪ್ರತಿ ವಾಕ್ಯವನ್ನು ಇಡೀ ತರಗತಿ ಮೂರು ಸಲ ಗಟ್ಟಿಯಾಗಿ ಹೇಳಬೇಕು. ಒಂದು ಕಟ್ಟುನಿಟ್ಟಿನ ಷರತ್ತು: ಹೇಳಿದ್ದು ನಿಜವಾಗಿ ಆಗಿರಬೇಕು. ಒಮ್ಮೆ ಏಳನೆಯ ನಂಬರಿನವನು ತಾನು ನಿನ್ನೆ ವಿಮಾನದಲ್ಲಿ ಮುಂಬಯಿಗೆ ಹೋಗಿ ಬಂದೆನೆಂದು ವರದಿ ಒಪ್ಪಿಸಿದ. ವೆಂಟ್ ಸರಿಯಿತ್ತು, ಕೇಮ್ ಸರಿಯಿತ್ತು, ಅವನ ಅಂಗಿಯ ಗುಂಡಿ ಮಾತ್ರ ಸರಿಯಿರಲಿಲ್ಲ. ಅಕ್ಕೋರು ಸಿಟ್ಟಾಗಲಿಲ್ಲ. "ವಾಕ್ಯ ಬರೋಬರಿ ಐತಿ. ಕುಂದ್ರು" ಎಂದರು. ಅಷ್ಟೇ. ನಮ್ಮಿಂದ ಮೂರು ಸಲ ಹೇಳಿಸಲಿಲ್ಲ. ಆ ಹುಡುಗ ಒಂದು ವಾರ ತಲೆ ಎತ್ತಲಿಲ್ಲ. ಬಡಿತ ತಿಂದಿದ್ದರೆ ಎತ್ತುತ್ತಿದ್ದನೇನೋ.

ಈ ವರದಿಗಳ ರುಚಿ ಹತ್ತಿದ ಮೇಲೆ ಶಾಲೆ ತಪ್ಪಿಸುವವರೇ ಇಲ್ಲವಾದರು. ಊರಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಹೆಡ್‌ಮಾಸ್ತರರಿಗೆ ಬರುತ್ತಿತ್ತು ಎಂದು ಪ್ರತೀತಿ ಇದ್ದರೂ ಅವರು ಅದನ್ನು ಬಳಸಿ ಕೆಡಿಸಿರಲಿಲ್ಲ. ಹೀಗಾಗಿ ಇಂಗ್ಲಿಷಿನಲ್ಲಿ ಹೇಳಿದ್ದು ಬಾವಿಗೆ ಹಾಕಿದಂತೆ ಎಂದು ನಮ್ಮ ನಂಬಿಕೆ. ಯಾರ ಅಜ್ಜಿ ಸೊಸೆಗೆ ಗೊತ್ತಾಗದಂತೆ ಬೆಲ್ಲ ಎಲ್ಲಿ ಮುಚ್ಚಿಟ್ಟಳು, ಯಾರ ಕಾಕಾ ಯಾರಿಗೆ ಬೈದ, ಯಾರ ಅವ್ವ ಒಲೆಯ ಮುಂದೆ ಅತ್ತಳು, ಎಲ್ಲ ಭೂತಕಾಲದಲ್ಲಿ ಸಾಲಾಗಿ ಬಂದವು. ತರಗತಿಯ ಮಾತನ್ನು ಮನೆಗೆ ಒಯ್ಯುವುದಿಲ್ಲ ಎಂದು ಎಲ್ಲರೂ ಪಾಟಿ-ಪುಸ್ತಕದ ಮೇಲೆ ಕೈಯಿಟ್ಟು ಶಪಥ ಮಾಡಿದ್ದೆವು.

ನನ್ನ ನಂಬರು ಹತ್ತೊಂಬತ್ತು. ಶನಿವಾರ ಹದಿನೆಂಟನೆಯವನ ವರದಿ ಆಗಿತ್ತು. ಸೋಮವಾರ ನನ್ನದು.

ನಡುವೆ ಆ ಭಾನುವಾರ ಬಂತು...

ನಮ್ಮ ನಿಂಬೆ ತೋಟದ ಪಕ್ಕದ ತೋಟ ಒಬ್ಬ ವಿಧವೆಯದು. ಅವಳ ಮಗಳು ನನ್ನ ತರಗತಿಯಲ್ಲೇ ಇದ್ದಳು. ತಾಯಿ ಮಗಳು ಇಬ್ಬರೇ ಆ ಗಿಡಗಳಿಗೆ ನೀರು ಬಿಟ್ಟು, ಹಣ್ಣು ಆಯ್ದು, ಚೀಲ ಹೊತ್ತು ಬದುಕಿದವರು. ಎರಡು ತೋಟಗಳ ನಡುವೆ ಸರ್ಕಾರದವರು ಎಂದೋ ಹುಗಿದ ಬಾಂದುಕಲ್ಲು ಇತ್ತು, ಅದೇ ಗಡಿ. ಆ ಭಾನುವಾರ ತಾಯಿ ಮಗಳು ಲಗ್ನಕ್ಕೆಂದು ತಾಳಿಕೋಟೆಗೆ ಹೋಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಹಾರೆ ತೆಗೆದುಕೊಂಡ, ನನಗೆ ಸಲಿಕೆ ಹೊರಿಸಿದ. ಎಲ್ಲಿಗೆ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನನ್ನು ಕೇಳುವ ಪದ್ಧತಿ ಇರಲಿಲ್ಲ.

ಕಲ್ಲು ಮೇಲೇಳಲು ಬಹಳ ಹೊತ್ತು ಹಿಡಿಯಲಿಲ್ಲ. ಅದನ್ನು ನೋಡಿ ನನಗೆ ಗಾಬರಿಯಾಯಿತು. ಅಷ್ಟು ವರ್ಷ ಗಡಿಯಾಗಿ ನಿಂತದ್ದು ಇಷ್ಟು ಹಗುರ ಇರುತ್ತದೆಂದು ಗೊತ್ತಿರಲಿಲ್ಲ. ಅಪ್ಪ ಅದನ್ನು ಆಚೆಗೆ ಹುಗಿದ. ನಾಲ್ಕು ಫಲ ಹಿಡಿದ ನಿಂಬೆ ಗಿಡಗಳು ನಮ್ಮ ಕಡೆ ಬಂದವು. ಹಳೆಯ ತಗ್ಗಿಗೆ ಮಣ್ಣು ತುಂಬಿ ತುಳಿಯಲು ನನಗೆ ಹೇಳಿದ. ತುಳಿದೆ. ಇನ್ನೂ ಗಟ್ಟಿ ತುಳಿ ಎಂದ. ತುಳಿದೆ. "ಮನ್ಯಾಗಿನ ಮಾತು ಮನ್ಯಾಗ" ಎಂದು ಅಪ್ಪ ಕೈ ಝಾಡಿಸಿಕೊಂಡ. ನನ್ನ ಎದೆಯಲ್ಲಿ ಒಂದೇ ಸಲ ನಂಬರು ಹತ್ತೊಂಬತ್ತು ಎದ್ದು ನಿಂತಿತು.

ಸೋಮವಾರ ಮುಂಜಾನೆ ಹೊಟ್ಟೆನೋವೆಂದು ಹಾಸಿಗೆಯಲ್ಲಿ ಮುದುಡಿಕೊಂಡೆ. ಅವ್ವ ಅಜವಾನದ ನೀರು ಕುಡಿಸಿ ಎಬ್ಬಿಸಿದಳು. ಕಾಲುನೋವೆಂದೆ. ನಡೆದರೆ ಹೋಗುತ್ತದೆ ಎಂದಳು. ಇನ್ನೂ ಮೂರು ರೋಗಗಳನ್ನು ಪ್ರಯತ್ನಿಸಿದೆ. ಅವ್ವನ ಹತ್ತಿರ ಎಲ್ಲಕ್ಕೂ ಶಾಲೆಯೇ ಮದ್ದು.

ಬೋರ್ಡಿನ ಪಕ್ಕ ಹೋಗಿ ನಿಂತೆ. ಅಕ್ಕೋರು ಮೇಜಿನ ಹಿಂದೆ ಕುಳಿತಿದ್ದರು, ನಿಂಬೆಹಣ್ಣಿನ ವಾಸನೆ ನನ್ನ ತನಕ ಬರುತ್ತಿತ್ತು. ಭದ್ರವಾದ ಐದು ವಾಕ್ಯ ಆರಿಸಿಕೊಂಡಿದ್ದೆ. ಐ ಗಾಟ್ ಅಪ್. ಐ ವಾಶ್ಡ್ ಮೈ ಫೇಸ್. ಐ ಡ್ರ್ಯಾಂಕ್ ಟೀ. ಐ ಏಟ್ ರೊಟ್ಟಿ. ಐದನೆಯದಾಗಿ ಐ ಸ್ಲೆಪ್ಟ್ ಎನ್ನುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಐ ವೆಂಟ್ ಟು ದ ಗಾರ್ಡನ್. ಯಾಕೆ ಬಂತೋ ಇವತ್ತಿಗೂ ತಿಳಿದಿಲ್ಲ. ಮುಂದೆ ಕೋರ್ಟಿನಲ್ಲಿ ಎಷ್ಟೋ ಮಂದಿ ಕೇಳದಿದ್ದ ಮಾತನ್ನು ತಾವಾಗಿ ಹೇಳಿ ಸಿಕ್ಕಿಬಿದ್ದದ್ದನ್ನು ಬರೆದುಕೊಂಡಿದ್ದೇನೆ. ಅವರ ಬಗ್ಗೆ ನನಗೆ ಯಾವತ್ತೂ ಮರುಕವಿತ್ತು.

ತರಗತಿ ಐದೂ ವಾಕ್ಯಗಳನ್ನು ಮೂರು ಮೂರು ಸಲ ಹೇಳಿತು. ಎರಡು ಪ್ರಶ್ನೆಗಳೂ ಸುಖವಾಗಿ ಕಳೆದವು. ಡಿಡ್ ಯು ಈಟ್ ಚಟ್ನಿ? ಯೆಸ್, ಐ ಡಿಡ್. ಮೂರನೆಯ ಪ್ರಶ್ನೆಗೆ ಪಕ್ಕದ ತೋಟದ ಹುಡುಗಿ ಎದ್ದು ನಿಂತಳು.

ಮುಂಜಾನೆಯ ಬಸ್ಸಿಗೆ ತಾಳಿಕೋಟೆಯಿಂದ ಬಂದಿದ್ದಳು. ಹಬ್ಬದ ಲಂಗದಲ್ಲೇ ಇದ್ದಳು, ಅದರ ಅಂಚಿಗೆ ತೋಟದ ಹಸಿ ಮಣ್ಣು ಹತ್ತಿತ್ತು. ನನ್ನನ್ನೇ ನೋಡಿ, ತಡೆದು ತಡೆದು, ಡಿಡ್ ಯುವರ್ ಫಾದರ್ ಮೂವ್ಡ್ ದ ಸ್ಟೋನ್ ಎಂದು ಕೇಳಿದಳು.

ಅಕ್ಕೋರಿಗೆ ಕೇಳಿಸಿದ್ದು ತಪ್ಪೊಂದೇ. ಅತ್ತೆ ಬಂದು ಕುಳಿತ ಮೇಲೆ ಸೊಸೆ ಈಡಿ ಹಚ್ಚಿಕೊಂಡಿರಬಾರದು ಎಂದು ತಿದ್ದಿ, ವಾಕ್ಯ ನೆಟ್ಟಗೆ ಮಾಡಿ, ರೂಢಿಯಂತೆ ಕೈ ಎತ್ತಿದರು. ಮೂವತ್ತೆರಡು ಬಾಯಿಗಳು ಕೂಗಿದವು: ಡಿಡ್ ಯುವರ್ ಫಾದರ್ ಮೂವ್ ದ ಸ್ಟೋನ್? ಮೊದಲನೆಯ ಸಲ ಛಾವಣಿ ಹಾರಿ ಹೋಗುವಂತಿತ್ತು. ಎರಡನೆಯ ಸಲ ಅರ್ಧ ಮಂದಿಗೆ ಅರ್ಥವಾಗಿ ದನಿ ಇಳಿಯಿತು. ಮೂರನೆಯ ಸಲ ಹೇಳಿದವರು ನಾಲ್ಕೈದು ಮಂದಿ, ಅದೂ ಪಿಸುಮಾತಿನಲ್ಲಿ. ಅಕ್ಕೋರ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅವರಿಗೆ ಆಗ ತಿಳಿದಿತ್ತು.

ನನಗೆ ಎರಡು ಉತ್ತರ ಬರುತ್ತಿದ್ದವು. ಎರಡನ್ನೂ ಅವರೇ ಕಲಿಸಿದ್ದರು. ಅಪ್ಪನ ಹಾರೆ ಕಣ್ಣ ಮುಂದೆ ಬಂತು. ಗಟ್ಟಿ ತುಳಿ ಎಂಬ ಮಾತು ಕಿವಿಯಲ್ಲಿ ಬಂತು. "ನೋ, ಹಿ ಡಿಡ್ ನಾಟ್" ಎಂದೆ.

ಅಕ್ಕೋರು ಕೈ ಕೆಳಗಿಳಿಸಿದರು. ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ವಾಕ್ಯ ಬರೋಬರಿ ಐತಿ. ಕುಂದ್ರು."

ಮುಂಬಯಿಗೆ ಹೋಗಿ ಬಂದವನು ಹಿಂದಿನ ಸಾಲಿನಿಂದ ನನ್ನನ್ನು ನೋಡಿದ. ಅವನ ಮುಖದಲ್ಲಿ ಕರುಣೆಯಿತ್ತು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಮಧ್ಯಾಹ್ನ ರೊಟ್ಟಿಯ ಬಿಡುವಿನಲ್ಲಿ ಎಲ್ಲರೂ ತಮ್ಮ ಶಪಥವನ್ನು ರೊಟ್ಟಿಯೊಂದಿಗೆ ನುಂಗಿದರು. ನಾನು ಮನೆಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು, "ಶ್ಯಾಣ್ಯಾ" ಎಂದ. ಅಪ್ಪ ನನ್ನನ್ನು ಜಾಣನೆಂದದ್ದು ಅದೇ ಮೊದಲು. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅಷ್ಟೊತ್ತಿಗೆ ವಿಧವೆ ಹಿರಿಯರ ಬಾಗಿಲಿಗೆ ಹೋಗಿದ್ದಳು. ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚರು ಕೂಡಿದರು. ಅಳತೆ ಮಾಡಿಸೋಣವೆಂದರೆ ಮೋಜಣಿಯವರು ಬರುವುದರೊಳಗೆ ನಿಂಬೆಯ ಎರಡು ಫಸಲು ಕೈಬಿಟ್ಟು ಹೋಗುತ್ತಿತ್ತು. ಹಾಗಾದರೆ ದೇವರ ಮೇಲೆ ಆಣೆ ಮಾಡು ಎಂದು ಹಿರಿಯರು ಅಪ್ಪನಿಗೆ ಹೇಳಿದರು. ಇಷ್ಟು ಸಣ್ಣ ವಿಷಯಕ್ಕೆ ದೇವರನ್ನು ಎಳೆಯಬಾರದು ಎಂಬ ಭಕ್ತಿಪೂರ್ವಕ ನಿಲುವನ್ನು ಅಪ್ಪ ತೆಗೆದುಕೊಂಡ. ದೇವರಿಗಿಂತ ಭಾರಿ ಸಾಕ್ಷಿ ತನ್ನ ಹತ್ತಿರವಿದೆ ಎಂದ. ತನ್ನ ಮಗ ಮೂವತ್ತು ಮಂದಿಯ ಮುಂದೆ, ಶಾಲೆಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದ್ದಾನೆ.

ಕಟ್ಟೆಯ ಮೇಲಿದ್ದವರು ರುಮಾಲು ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. ದೊಡ್ಡ ಕೋರ್ಟಿನ ಕಾಗದಗಳು ಇಂಗ್ಲಿಷಿನಲ್ಲಿ ಬರುವುದನ್ನು ಆ ಹಿರಿಯರು ಕಂಡವರು. ಆ ಭಾಷೆಯಲ್ಲಿ ಬಂದ ಕಾಗದದಿಂದ ಹೊಲ ಹೋಗಿದ್ದವು, ಹೊಲ ಬಂದಿದ್ದವು. ಸುಳ್ಳು ಎನ್ನುವುದು ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಆಗುವಂಥದ್ದು, ಇಂಗ್ಲಿಷಿನಲ್ಲಿ ಆಗುವಂಥದ್ದಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. "ಏಳನೇತ್ತಾ ಹುಡುಗ ಇಂಗ್ಲಿಷ್‌ನ್ಯಾಗ ಖರೇ ಹೇಳೋದ ದೊಡ್ಡದು, ಸುಳ್ಳು ಹೇಳಾಕ ಎಲ್ಲಿಂದ ಬರಬೇಕ್ರೆಪಾ" ಎಂದು ಹಿರಿಯಜ್ಜ ಒಬ್ಬರು ತೀರ್ಪಿನ ಅರ್ಧವನ್ನು ಅಲ್ಲೇ ಕೊಟ್ಟುಬಿಟ್ಟರು. ಹುಡುಗ ನಿಜವಾಗಿ ಏನಂದ ಎಂದು ಕನ್ನಡದಲ್ಲಿ ಹೇಳಲು ಮಾತ್ರ ಒಬ್ಬರು ಬೇಕಿತ್ತು. ಬಸ್ಸಿಗೆ ನಿಂತಿದ್ದ ಅಕ್ಕೋರನ್ನು ಕರೆಸಿದರು.

ನಾನು ಗುಡಿಯ ಕಂಬದ ಹಿಂದಿದ್ದೆ. ನನ್ನನ್ನೇ ಕರೆದು ಮತ್ತೊಮ್ಮೆ ಕೇಳಿದರೆ ಏನು ಗತಿ ಎಂದು ಕಂಬಕ್ಕೆ ಅಂಟಿಕೊಂಡಿದ್ದೆ. ಅಕ್ಕೋರು ಬಂದದ್ದನ್ನು ನೋಡಿದೆ. ಗುಡಿಯ ಮುಂದಿನ ನಾಯಿಯನ್ನು ಸುತ್ತು ಹಾಕಿ ಬಂದರು. ಅಷ್ಟು ಗಂಡಸರನ್ನು ಒಟ್ಟಿಗೆ ಕಂಡು ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡರು. ಕೂರಿರಿ ಎಂದರೆ ಕೂರಲಿಲ್ಲ. ವಿಧವೆ ಮತ್ತು ಅವಳ ಮಗಳು ಕಟ್ಟೆಯ ಕೆಳಗೆ, ನೆಲದ ಮೇಲೆ ಕುಳಿತಿದ್ದರು.

"ಅಕ್ಕೋರ, ನಮಗ ಆ ಭಾಷಾ ಬರಂಗಿಲ್ಲ" ಎಂದರು ಹಿರಿಯಜ್ಜ. "ಹುಡುಗ ಏನಂದ, ಅಷ್ಟ ಹೇಳ್ರಿ."

"ನಮ್ಮಪ್ಪ ಕಲ್ಲು ಸರಿಸಿಲ್ಲ ಅಂದಾನ್ರಿ." ದನಿ ಕೇಳಿಸುವುದೇ ಕಷ್ಟವಿತ್ತು.

ಅಪ್ಪ ಎದ್ದು ನಿಂತು ಧೋತರ ಝಾಡಿಸಿಕೊಂಡ. ಮುಗಿಯಿತೆಂದು ಎಲ್ಲರಿಗೂ ಅನ್ನಿಸಿತು. ಅದೇ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಸಿಂದಗಿ ಬಸ್ಸಿನ ಹಾರ್ನ್ ಕೇಳಿಸಿತು. ಅದು ಆ ದಿನದ ಕೊನೆಯ ಬಸ್ಸು. ಅಕ್ಕೋರು ರಸ್ತೆಯ ಕಡೆ ತಿರುಗಿದರು. ಆಗ ನೆಲದ ಮೇಲೆ ಕುಳಿತಿದ್ದ ವಿಧವೆ, ತಲೆಯೆತ್ತದೆ, ಒಂದು ಮಾತು ಕೇಳಿದಳು. ಅದನ್ನು ಮಗಳು ಹೇಳಿಕೊಟ್ಟಿರಬೇಕು.

"ಅದನ್ನ ಮೂರು ಸಲ ಹೇಳಿಸಿದ್ರೇನ್ರಿ, ಅಕ್ಕೋರ?"

ಬಸ್ಸು ನಿಂತಿತ್ತು. ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ. ಅಪ್ಪ ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿದ. ನಮ್ಮ ಮನೆಯಲ್ಲಿ ಆ ದನಿ ಕೇಳಿದರೆ ಬೆಕ್ಕು ಸಹ ಅಟ್ಟ ಏರುತ್ತಿತ್ತು. "ಬಸ್ಸ್ ಬಂತು ನೋಡ್ರಿ ಅಕ್ಕೋರ. ಹೋಗಿಬಿಡ್ರಿ. ದಿನಾ ಒಬ್ಬಾಕೀನ ಬರೂ ಹಾದಿ, ಹೆಣ್ಮಕ್ಕಳು ಹೊತ್ತು ಮಾಡಬಾರದು."

ಕಂಬದಿಂದ ಕಟ್ಟೆಗೆ ಐದು ಹೆಜ್ಜೆ. ನಾನು ಅಳೆದಿದ್ದೇನೆ, ಆಮೇಲೆ ಬಹಳ ಸಲ. ಆ ಐದು ಹೆಜ್ಜೆ ನಡೆದು ಬಂದು ನಿಜ ಹೇಳಿದ್ದರೆ ಅಕ್ಕೋರು ಬಸ್ಸು ಹತ್ತಬಹುದಿತ್ತು. ನಾನು ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಅಕ್ಕೋರು ಬಸ್ಸು ನೋಡಿದರು. ಅಪ್ಪನನ್ನು ನೋಡಿದರು. ಕೈಯ ಚೀಲವನ್ನು ಎದೆಗೆ ಅವುಚಿಕೊಂಡರು. ಅವರು ಅಷ್ಟು ಅಂಜಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ, ತಪಾಸಣೆಯ ದಿನ ಕೂಡ...

"ಇಲ್ರಿ" ಎಂದರು. "ಹೇಳಸಲಿಲ್ಲ."

"ಯಾಕ್ರಿ?" ಎಂದರು ಹಿರಿಯಜ್ಜ.

"ಆಗಿದ್ದಷ್ಟ ನಾ ಹೇಳಸ್ತೇನ್ರಿ. ಆಗದ್ದು ಹೇಳಸಂಗಿಲ್ಲ."

ಬಸ್ಸು ಹೋಯಿತು. ಇನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಅಲ್ಲಿ ಕುಳಿತವರೆಲ್ಲರ ಮನೆಯಲ್ಲಿ ಒಂದೊಂದು ಏಳನೆಯ ಇಯತ್ತೆಯ ಮಗುವಿತ್ತು. ಶಪಥ ಮುರಿದ ಆ ಮಧ್ಯಾಹ್ನವೇ ಮುಂಬಯಿ ವಿಮಾನದ ಕಥೆಯೂ ಎಲ್ಲರ ಮನೆ ಮುಟ್ಟಿತ್ತು. ಹಿರಿಯಜ್ಜ ಅಪ್ಪನ ಮುಖ ನೋಡದೆ, "ಮುಂಜಾನಿ ಕಲ್ಲು ಇದ್ದಲ್ಲೇ ಇರಬೇಕು, ತಮ್ಮಾ" ಎಂದು ಎದ್ದರು. ಅಕ್ಕೋರನ್ನು ಸಿಂದಗಿಗೆ ನಿಂಬೆ ಒಯ್ಯುವ ಟೆಂಪೊದಲ್ಲಿ ಡ್ರೈವರನ ಪಕ್ಕ ಕೂರಿಸಿ ಕಳಿಸಿದರು. ಹಿಂದೆ ಅರವತ್ತು ಚೀಲ ನಿಂಬೆ. ಹೊಟ್ಟೆ ತೊಳಸುವವರಿಗೆ ಅಷ್ಟು ಔಷಧ ಯಾರೂ ಒಟ್ಟಿಗೆ ಕೊಟ್ಟಿರಲಾರರು.

ಮರುದಿನ ಕಲ್ಲು ಹಳೆಯ ಜಾಗಕ್ಕೆ ಹೋಯಿತು. ಮಣ್ಣು ತುಳಿಯಲು ಮತ್ತೆ ನಾನೇ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಮಾತೂ ಆಡಲಿಲ್ಲ. ತಿಂಗಳುಗಟ್ಟಲೆ ಆ ಮೌನದ ಕೆಳಗೆ ಉಂಡೆ, ಮಲಗಿದೆ. ಆಗಿ ಹೋದದ್ದಕ್ಕೆ ಹಲ್ಲಿಲ್ಲ ಎಂದು ಅಕ್ಕೋರು ಕಲಿಸಿದ್ದರಲ್ಲ, ಅವರ ಪಾಠದಲ್ಲಿ ನನಗೆ ಒಪ್ಪಿಗೆಯಾಗದೆ ಉಳಿದದ್ದು ಅದೊಂದೇ.

ಅಕ್ಕೋರು ನನ್ನ ಜೊತೆ ಮೊದಲಿನಂತೆಯೇ ಇದ್ದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ವರದಿ ದಿನಾ ನಡೆಯಿತು. ಇಪ್ಪತ್ತು, ಇಪ್ಪತ್ತೊಂದು... ನಾನು ಎಣಿಸುತ್ತಿದ್ದೆ. ಮೂವತ್ತನಾಲ್ಕು ಮುಗಿದು ಮತ್ತೆ ಒಂದರಿಂದ ಶುರುವಾಗಿ ಹತ್ತೊಂಬತ್ತು ಬರಬೇಕಿತ್ತು. ಐದು ವಾಕ್ಯ ತಯಾರಿಟ್ಟಿದ್ದೆ. ಅವು ನಿನ್ನೆಯವಲ್ಲ, ಹಳೆಯವು. ಆದರೂ ಭೂತಕಾಲ ಭೂತಕಾಲವೇ, ಅಕ್ಕೋರು ಒಪ್ಪುತ್ತಾರೆಂದು ಧೈರ್ಯ. ಮೈ ಫಾದರ್ ಮೂವ್ಡ್ ದ ಸ್ಟೋನ್. ಐ ಹೆಲ್ಪ್ಡ್ ಹಿಮ್. ಐ ಟೋಲ್ಡ್ ಎ ಲೈ. ಉಳಿದೆರಡು ಕ್ಷಮೆಯ ವಾಕ್ಯಗಳು. ತೋಟದಲ್ಲಿ ಗಿಡಗಳ ಮುಂದೆ ನಿಂತು ಹೇಳಿ ನೋಡುತ್ತಿದ್ದೆ. ಪ್ರತಿ ಸಲ ಮೂರನೆಯ ವಾಕ್ಯಕ್ಕೆ ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಆ ನಡುವೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಎರಡು ಸಲ ಊರು ಬಿಟ್ಟು ಹೋಗಿ ಬಂದ. ಎಲ್ಲಿಗೆ ಎಂದು ಕೇಳುವ ಪದ್ಧತಿ ಇಲ್ಲವೆಂದು ಮೊದಲೇ ಹೇಳಿದ್ದೇನೆ. ಹದಿಮೂರನೆಯ ನಂಬರಿನವಳ ವರದಿಯಾದ ದಿನ ಅಕ್ಕೋರಿಗೆ ವರ್ಗಾವಣೆಯ ಆದೇಶ ಬಂತು. ಬಸವನ ಬಾಗೇವಾಡಿ ತಾಲೂಕಿನ ಮಸೂತಿ ಎಂಬ ಊರಿಗೆ. ಸಿಂದಗಿಯಿಂದ ಅಷ್ಟು ದೂರ ದಿನಾ ಬಸ್ಸಿನಲ್ಲಿ ಹೋಗಿ ಬರುವುದಾಗದ ಮಾತು. ಅಪ್ಪನೇ ಮಾಡಿಸಿದ ಎಂದು ನಾನು ಹೇಳಲಾರೆ. ನಾನು ಕೋರ್ಟಿನ ಮನುಷ್ಯ, ಸಾಕ್ಷಿ ಇಲ್ಲದ್ದನ್ನು ಹೇಳಬಾರದು. ನಾನು ಕಂಡದ್ದು ಧೋತರ ಮಾತ್ರ.

ಕೊನೆಯ ದಿನ ಹುಡುಗಿಯರೆಲ್ಲ ಅತ್ತರು. ಪಕ್ಕದ ತೋಟದ ಹುಡುಗಿ ಅವರ ಚೀಲ ಹೊತ್ತು ಬಸ್ಸಿನ ತನಕ ಹೋದಳು. ನಾನು ಶಾಲೆಯ ಗೋಡೆಗೆ ಒರಗಿ ನಿಂತಿದ್ದೆ. ಬಾಯಲ್ಲಿ ಐದು ವಾಕ್ಯ ಸಾಲುಹಚ್ಚಿ ನಿಂತಿದ್ದವು. ನನಗಿಂತ ಮುಂದೆ ಇನ್ನೂ ಐದು ನಂಬರು ಬಾಕಿ ಇದ್ದವಲ್ಲ, ನನ್ನ ಪಾಳಿ ಬಂದಿಲ್ಲವಲ್ಲ ಎಂದು ಒಂದು ಕಾನೂನುಬದ್ಧ ಕಾರಣ ಸಿಕ್ಕಿತು. ಅಂಜುಬುರುಕರಿಗೆ ಇಂಥ ಕಾರಣಗಳು ತಪ್ಪದೆ ಸಿಗುತ್ತವೆ. ಬಸ್ಸು ಹೊರಟಾಗ ಅಕ್ಕೋರು ಕಿಟಕಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಆಮೇಲೆ ಬಂದ ಮಾಸ್ತರರು ಭವಿಷ್ಯತ್ಕಾಲವನ್ನು ಒಂದೇ ತಾಸಿನಲ್ಲಿ ಮುಗಿಸಿಬಿಟ್ಟರು. ಅದರಲ್ಲಿ ಅಂಜುವಂಥದ್ದೇನೂ ಅವರಿಗೆ ಕಾಣಲಿಲ್ಲ.

ಮುಂದೆ ನಾನು ಕೋರ್ಟಿಗೆ ಸೇರಿದೆ. ಬೇರೆಯವರು ಪ್ರಮಾಣ ಮಾಡಿ ಹೇಳುವುದನ್ನು ಕೇಳುವುದೇ ಉದ್ಯೋಗವಾಯಿತು. ಒಮ್ಮೆ ಮುದ್ದೇಬಿಹಾಳಕ್ಕೆ ವರ್ಗವಾಗಿ ಮೂರು ವರ್ಷ ಇದ್ದೆ. ಅಕ್ಕೋರು ನಿವೃತ್ತರಾಗಿ ಅಲ್ಲೇ ತಮ್ಮನ ಮನೆಯಲ್ಲಿದ್ದಾರೆಂದು ಬಂದ ವಾರವೇ ತಿಳಿಯಿತು. ಕೋರ್ಟಿನಿಂದ ಎರಡು ಓಣಿ ದಾಟಿದರೆ ಅವರ ಮನೆ. ಒಂದು ಓಣಿ ಬಹಳ ಸಲ ದಾಟಿದೆ. ತಿರುವಿನಲ್ಲಿ ಒಂದು ಗಿರಣಿ ಇತ್ತು. ಅಲ್ಲಿ ನಿಂತು ಅವರ ಬಾಗಿಲು ನೋಡಿ, ಹಿಟ್ಟಿನ ಧೂಳು ಹಚ್ಚಿಕೊಂಡು ತಿರುಗಿ ಬರುತ್ತಿದ್ದೆ. ದಿನಾ ಗಿರಣಿಗೆ ಹೋಗಿ ಹಿಟ್ಟಿಲ್ಲದೆ ಬರುತ್ತೀರಲ್ಲ ಎಂದು ಹೆಂಡತಿ ಕೇಳಿದಳು. ಅಕ್ಕೋರು ಗುರುತು ಹಿಡಿಯದಿದ್ದರೆ ಎಂಬ ಅಂಜಿಕೆ ಒಂದು. ಹಿಡಿದರೆ ಎಂಬುದು ಅದಕ್ಕಿಂತ ದೊಡ್ಡದು. ಮೂರು ವರ್ಷ ಹೀಗೆ ಹೋದವು. ನನಗೆ ಮತ್ತೆ ವರ್ಗವಾಯಿತು.

ಇಂಡಿ ಬಸ್ಸಿನಲ್ಲಿ ಆ ಹೆಣ್ಣುಮಗಳು ಹಣ್ಣು ಗೀರಿದ ಮರುವಾರ ನಾನು ಮುದ್ದೇಬಿಹಾಳದ ಬಸ್ಸು ಹತ್ತಿದೆ. ಈ ಸಲ ಗಿರಣಿಯ ಹತ್ತಿರ ನಿಲ್ಲಲಿಲ್ಲ. ನಿಲ್ಲಲು ಗಿರಣಿಯೂ ಇರಲಿಲ್ಲ, ಮೊಬೈಲ್ ಅಂಗಡಿ ಬಂದಿತ್ತು. ಬಾಗಿಲು ಬಡಿದೆ. ಅಕ್ಕೋರ ತಮ್ಮನ ಮಗಳು ಬಾಗಿಲು ತೆರೆದಳು. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ನಿಂತೇ ಇದ್ದವನನ್ನು ಕಂಡು ಒಳಗೆ ಕರೆದು ಕೂರಿಸಿದಳು, ನೀರು ಕೊಟ್ಟಳು. ಯಾವುದಾದರೂ ಕಾಗದಪತ್ರಕ್ಕೆ ಬಂದಿರೇನು ಎಂದು ಕೇಳಿದಳು. ಅವರ ವಿದ್ಯಾರ್ಥಿ ಎಂದೆ. ಊರ ಹೆಸರು ಹೇಳಿದೆ. ಆಕೆಗೆ ಆ ಊರು ಗೊತ್ತಿರಲಿಲ್ಲ. ಅತ್ತೆ ಅದರ ಬಗ್ಗೆ ಎಂದೂ ಏನೂ ಹೇಳಿರಲಿಲ್ಲವಂತೆ. ಆಡಿಕೊಳ್ಳುವ ಸ್ವಭಾವದವರಲ್ಲ ಅವರು.

ಎದ್ದು ಹೊರಡಬೇಕಿತ್ತು. ಎದ್ದೆ ಕೂಡ. ಬಾಗಿಲ ಹತ್ತಿರ ಬಂದವನು ತಿರುಗಿ ನಿಂತೆ.

"ನಮ್ಮಪ್ಪ ಕಲ್ಲು ಸರಿಸಿದ್ದ, ತಂಗೀ. ನಾನೂ ಕೂಡಿದ್ದೆ. ಇಲ್ಲ ಅಂತ ಸುಳ್ಳು ಹೇಳಿದ್ದೆ."

"ಯಾವ ಕಲ್ಲರಿ, ಅಜ್ಜಾರ?" ಎಂದಳು ಆಕೆ. ಮುದುಕನಿಗೆ ಬಿಸಿಲು ತಾಗಿದೆಯೆಂದು ಅವಳ ಮುಖದಲ್ಲಿ ಅಂಜಿಕೆ ಕಾಣಿಸಿತು. ಆಮೇಲೆ ಮೆತ್ತಗೆ, "ಅತ್ತಿ ಇದ್ದಿದ್ರ ಅವರಿಗಿ ತಿಳೀತಿತ್ತೇನೋರಿ" ಎಂದಳು.

ಹೌದು ಎಂದು ತಲೆಯಾಡಿಸಿ ಮೆಟ್ಟಿಲಿಳಿದೆ. ಕಲ್ಲಿನ ವಿಷಯ ಅವರಿಗೆ ಅವತ್ತೇ ತಿಳಿದಿತ್ತು. ತಿಳಿಯದೆ ಹೋದದ್ದು, ಅದನ್ನು ಹೇಳಲು ನನ್ನಿಂದಲೂ ಆಗುತ್ತದೆ ಎಂಬುದು ಮಾತ್ರ.